ಹಾಡು, ಕಾರ್ಡ್, ಕಥೆ: ಪದೇ ಪದೇ ಕೇಳುವ ಪ್ರಶ್ನೆಗಳು

ಹನುಮಂತನಗರದ ನಮ್ಮ ಮನೆ ಮಹಡಿಯಲ್ಲಿ ಭಾನುವಾರ ಸಂಜೆ ಏಳೆಂಟು ಜನ ಸೇರಿ ಹಾಡುತ್ತೇವೆ. ಒಂದು ಗಿಟಾರ್, ಒಂದು ಹಳೆಯ ಹಾರ್ಮೋನಿಯಂ, ಬಂದರೆ ಒಂದು ತಬಲಾ. ಹೊಸಬರು ಬಂದಾಗಲೆಲ್ಲ ಕೇಳುವುದು ಹೆಚ್ಚುಕಡಿಮೆ ಅವೇ ಪ್ರಶ್ನೆಗಳು. ವಾಟ್ಸಾಪ್‌ನಲ್ಲೂ ಅವೇ, ಮದುವೆ ಮನೆಯ ಊಟದ ಸಾಲಿನಲ್ಲೂ ಅವೇ. ಅದಕ್ಕೆ ಒಂದು ಸಲ ಕೂತು ಬರೆದುಬಿಟ್ಟೆ. ಕಾರ್ಡ್ ಅಂದರೆ ಎಟಿಎಂ ಕಾರ್ಡ್ ಅಲ್ಲ, ಮೂರು ನಾಲ್ಕು ಸ್ವರ ಒಟ್ಟಿಗೆ ನುಡಿಸುವುದು. ಪ್ರಶ್ನೆಗಳನ್ನು ಕೇಳಿದವರ ಮಾತಿನಲ್ಲೇ ಇಟ್ಟಿದ್ದೇನೆ.

## ಈಗಷ್ಟೇ ಗಿಟಾರ್ ತಂದವರಿಗೆ

ಸಾರ್, ಎಷ್ಟು ಕಾರ್ಡ್ ಕಲಿತರೆ ಕನ್ನಡ ಹಾಡು ನುಡಿಸಬಹುದು?

ಶುರುವಿಗೆ ಆರು ಸಾಕು: ಸಿ, ಜಿ, ಡಿ, ಎ ಮೈನರ್, ಇ ಮೈನರ್, ಡಿ ಮೈನರ್. ಏಳನೆಯದು ಎಫ್. ಅದೇ ಎಲ್ಲರನ್ನೂ ಓಡಿಸುವುದು. ಒಂದೇ ಬೆರಳಲ್ಲಿ ಆರೂ ತಂತಿ ಒತ್ತಬೇಕು, ಮೊದಲ ತಿಂಗಳು ಅದು ಆಗುವ ಮಾತಲ್ಲ. ಅಲ್ಲಿಯವರೆಗೆ ಎಫ್ ಮೇಜರ್ 7 ಹಿಡಿಯಿರಿ. (ತಂತಿ ಎಣಿಸುವುದು ಎಲ್ಲಕ್ಕಿಂತ ತೆಳುವಾದದ್ದರಿಂದ; ಮನೆ ಅಂದರೆ ಕತ್ತಿನ ಮೇಲೆ ಎರಡು ಲೋಹದ ಪಟ್ಟಿಗಳ ನಡುವಿನ ಜಾಗ.) ನಾಲ್ಕನೇ ತಂತಿಯ ಮೂರನೇ ಮನೆ, ಮೂರನೇ ತಂತಿಯ ಎರಡನೇ ಮನೆ, ಎರಡನೇ ತಂತಿಯ ಒಂದನೇ ಮನೆ, ಒಂದನೇ ತಂತಿ ಖಾಲಿ. ಹೆಚ್ಚಿನ ಹಾಡಿಗೆ ಯಾರಿಗೂ ವ್ಯತ್ಯಾಸ ಗೊತ್ತಾಗುವುದಿಲ್ಲ.

ಬೆರಳು ಉರಿಯುತ್ತೆ. ಯಾವಾಗ ನಿಲ್ಲುತ್ತೆ?

ದಿನಾ ಹದಿನೈದು ನಿಮಿಷ ನುಡಿಸಿದರೆ ಎರಡು ಮೂರು ವಾರ. ಭಾನುವಾರ ಮಾತ್ರ ಎರಡು ಗಂಟೆ ನುಡಿಸಿದರೆ ಯಾವತ್ತೂ ನಿಲ್ಲುವುದಿಲ್ಲ. ತಂತಿ ದಪ್ಪ ಇದ್ದರೆ ತೆಳುವಾದ ಸೆಟ್ ಹಾಕಿಸಿ.

ಗಿಟಾರ್ ಎಲ್ಲಿ ತಗೊಳ್ಳಲಿ? ಆನ್‌ಲೈನ್ ಪರವಾಗಿಲ್ವಾ?

ಮೊದಲನೆಯದನ್ನು ಕೈಯಲ್ಲಿ ಹಿಡಿದು ನೋಡಿಯೇ ತಗೊಳ್ಳಿ. ನಾನು ಮೊದಲನೆಯದನ್ನು ಚಿತ್ರ ನೋಡಿ ತರಿಸಿದ್ದೆ. ಕತ್ತು ಬಾಗಿತ್ತು. ತಂತಿ ಎಷ್ಟು ಮೇಲಿತ್ತು ಅಂದರೆ ಹನ್ನೆರಡನೇ ಮನೆಯ ಹತ್ತಿರ ಕೆಳಗೆ ಪೆನ್ಸಿಲ್ ತೂರಿಸಬಹುದಿತ್ತು. ಎಂಟು ತಿಂಗಳು ನನಗೇ ಸಂಗೀತ ಬರೋದಿಲ್ಲ ಅಂದುಕೊಂಡಿದ್ದೆ. ಬಳೇಪೇಟೆಯಲ್ಲಿ ಒಂದು ಸುತ್ತು ಹಾಕಿ. ವೀಣೆ, ತಬಲಾ, ಹಾರ್ಮೋನಿಯಂ ಅಂಗಡಿಗಳ ಆ ಬೀದಿಯಲ್ಲಿ ಕೊಳ್ಳದೇ ಇದ್ದರೂ ಕಿವಿಗೆ ಲಾಭ.

ನನ್ನ ಮಗಳಿಗೆ ಆರು ವರ್ಷ. ಗಿಟಾರ್ ದೊಡ್ಡದಾಗುತ್ತೆ ಅಲ್ವಾ?

ಆಗುತ್ತೆ. ಯುಕುಲೇಲೆ ಕೊಡಿಸಿ. ನಾಲ್ಕೇ ತಂತಿ, ನೈಲಾನ್. ಸಿ ಕಾರ್ಡಿಗೆ ಒಂದೇ ಬೆರಳು, ಎ ಮೈನರ್‌ಗೂ ಒಂದೇ ಬೆರಳು.

## ಶ್ರುತಿ, ಕೇಪೋ, ಹುಡುಕಾಟ

ನಮ್ಮ ಅತ್ತೆ "ಐದೂವರೆ ಮನೆಗೆ ಇಟ್ಕೋ" ಅಂತಾರೆ. ಗಿಟಾರಲ್ಲಿ ಅದು ಯಾವುದು?

ಇದು ಹಾರ್ಮೋನಿಯಂ ಲೆಕ್ಕ. ಬಿಳಿ ಮನೆಗಳಿಗೆ ಒಂದರಿಂದ ಏಳು: ಒಂದು ಅಂದರೆ ಸಿ, ಎರಡು ಡಿ, ಮೂರು ಇ, ನಾಲ್ಕು ಎಫ್, ಐದು ಜಿ, ಆರು ಎ, ಏಳು ಬಿ. ನಡುವಿನ ಕಪ್ಪು ಮನೆಗಳೇ ಈ "ವರೆ"ಗಳು. ಒಂದೂವರೆ ಸಿ ಶಾರ್ಪ್, ಐದೂವರೆ ಜಿ ಶಾರ್ಪ್. ಮೂರೂವರೆ ಅಂತ ಒಂದು ಇಲ್ಲ, ಯಾಕೆಂದರೆ ಇ ಮತ್ತು ಎಫ್ ನಡುವೆ ಕಪ್ಪು ಮನೆಯೇ ಇಲ್ಲ. ಯಾರಾದರೂ ಮೂರೂವರೆ ಅಂದರೆ ತಮಾಷೆ ಮಾಡುತ್ತಿದ್ದಾರೆ.

ಅತ್ತೆಯ ಐದೂವರೆಗೆ ಗಿಟಾರಿನ ಒಂದನೇ ಮನೆಯಲ್ಲಿ ಕೇಪೋ (ಎಲ್ಲ ತಂತಿಗಳನ್ನೂ ಒಂದೇ ಮನೆಯಲ್ಲಿ ಒತ್ತಿ ಹಿಡಿಯುವ ಕ್ಲಿಪ್) ಹಾಕಿ ಜಿ ಕಾರ್ಡ್ ಹಿಡಿಯಿರಿ. ಎರಡೂವರೆ ಬೇಕೆಂದರೆ ಒಂದರಲ್ಲಿ ಕೇಪೋ ಹಾಕಿ ಡಿ, ಇಲ್ಲವೇ ಮೂರರಲ್ಲಿ ಹಾಕಿ ಸಿ. ಶಾಸ್ತ್ರೀಯ ಕಲಿತ ಹೆಂಗಸರು ಸಾಮಾನ್ಯವಾಗಿ ಐದರಿಂದ ಆರರ ಒಳಗೆ, ಗಂಡಸರು ಒಂದು ಒಂದೂವರೆಯ ಆಸುಪಾಸು. ಕೇಳದೆ ನಿಮ್ಮ ಅನುಕೂಲದ ಶ್ರುತಿಯಲ್ಲಿ ಶುರು ಮಾಡಬೇಡಿ. ಹಾಡುವವರಿಗಾಗಿ ಗಿಟಾರ್, ಗಿಟಾರಿಗಾಗಿ ಹಾಡುವವರಲ್ಲ.

ಹಳೇ ಹಾಡಿನ ಜೊತೆ ನುಡಿಸಿದರೆ ಯಾವ ಮನೆಗೂ ಕೂರಲ್ಲ. ನನ್ನ ಕಿವಿ ಸರಿ ಇಲ್ವಾ?

ಕಿವಿ ಸರಿಯಾಗಿಯೇ ಇದೆ. ಆಗಿನ ಹಾಡುಗಳು ಟೇಪಿನ ಮೇಲೆ ಇದ್ದವು. ಟೇಪ್ ಒಂದು ಚೂರು ಬೇಗ ತಿರುಗಿದರೆ ಶ್ರುತಿ ಏರುತ್ತದೆ, ನಿಧಾನವಾದರೆ ಇಳಿಯುತ್ತದೆ. ಹಳೆಯ ಕ್ಯಾಸೆಟ್‌ನಿಂದ ಇಳಿಸಿಕೊಂಡ ಹಾಡು ಎರಡಕ್ಕೂ ಎರಡೂವರೆಗೂ ನಡುವೆ ಎಲ್ಲೋ ಸಿಕ್ಕಿಕೊಂಡಿರುತ್ತದೆ. ಟ್ಯೂನರ್ ಪಕ್ಕಕ್ಕಿಟ್ಟು ಹಾಡಿನ ಷಡ್ಜಕ್ಕೇ, ಅಂದರೆ "ಸ"ಕ್ಕೇ, ಗಿಟಾರ್ ಸೇರಿಸಿ. ಅಭ್ಯಾಸ ಮುಗಿದ ಮೇಲೆ ಮತ್ತೆ ಮಾಮೂಲಿಗೆ ತನ್ನಿ.

ನೆಟ್‌ನಲ್ಲಿ ಸಿಗೋ ಕಾರ್ಡ್ಸ್ ನಂಬಬಹುದಾ?

ಅರ್ಧ. ಆಡಿಯೋ ಕೇಳಿ ತಾನೇ ಕಾರ್ಡ್ ಹೇಳುವ ಆ್ಯಪ್‌ಗಳು ತಂಬೂರಿ ಶ್ರುತಿ, ತಬಲಾದ ಗುಂಯ್ ಎಲ್ಲವನ್ನೂ ಸ್ವರ ಅಂತಲೇ ಲೆಕ್ಕ ಹಾಕುತ್ತವೆ. ಹಾಡುವವರು ಗಮಕ (ಸ್ವರವನ್ನು ಅಲುಗಿಸಿ ಹಾಡುವುದು) ಎಳೆದರೆ ಸಾಕು, ಒಂದೇ ಸಾಲಿಗೆ ಐದು ಕಾರ್ಡ್ ತೋರಿಸುತ್ತವೆ. ನಾಲ್ಕು ಸಾಲಿಗೆ ಹನ್ನೆರಡು ಕಾರ್ಡ್ ಬರೆದಿದ್ದರೆ ಅನುಮಾನ ಪಡಿ.

ಹಾಗಾದ್ರೆ ನಾನೇ ಹೇಗೆ ಹುಡುಕೋದು?

ಹಾಡು ಮುಗಿದ ಮೇಲೆ ಮನಸ್ಸು ಎಲ್ಲಿ ಹೋಗಿ ಕೂರುತ್ತದೋ ಅದು ಷಡ್ಜ. ಅದನ್ನು ಗುನುಗುತ್ತಾ ಆರನೇ ತಂತಿಯಲ್ಲಿ ಹುಡುಕಿ. ಸಿಕ್ಕ ಮೇಲೆ ಗಾಂಧಾರ, ಅಂದರೆ "ಗ", ನೋಡಿ. ದೊಡ್ಡ ಗಾಂಧಾರವಾದರೆ ಮೇಜರ್, ಚಿಕ್ಕದಾದರೆ ಮೈನರ್, ಗಾಂಧಾರವೇ ಇಲ್ಲದಿದ್ದರೆ ಅದಕ್ಕೆ ಬೇರೆ ದಾರಿ, ಕೆಳಗೆ ಹೇಳಿದ್ದೇನೆ. ಆಮೇಲೆ ಪ್ರತಿ ಸಾಲಿನ ಕೊನೆಯ ಸ್ವರ ಹಿಡಿಯಿರಿ. ಸಾಲು ನಿಲ್ಲುವ ಕಡೆ ಕಾರ್ಡ್ ಗೊತ್ತಾದರೆ ನಡುವಿನದು ತಾನಾಗಿ ಬರುತ್ತದೆ.

## ಹಾಡಿನ ಹಿಂದಿನ ಕಥೆ

ಕಥೆ ತಿಳ್ಕೊಂಡು ಏನಾಗಬೇಕು? ಕಾರ್ಡ್ ಹೇಳಿ ಸಾಕು.

ಇದನ್ನು ಕೇಳಿದ ಹುಡುಗನಿಗೆ ನಾನು "ನಿತ್ಯೋತ್ಸವ" ಹಾಡಿಸಿದೆ. "ಜೋಗದ ಸಿರಿ" ಚೆನ್ನಾಗಿ ಬಂತು. ಸಹ್ಯಾದ್ರಿಯ ಸಾಲಿಗೆ ಬಂದಾಗ "ಲೋಹದ" ಅಂತ ನಿಲ್ಲಿಸಿ, ಕಾರ್ಡ್ ಬದಲಾಯಿಸಿ, "ದಿರ" ಅಂತ ಮುಂದುವರಿಸಿದ. "ದಿರ ಅಂದ್ರೇನು?" ಅಂದೆ. ಗೊತ್ತಿಲ್ಲ. ಶಾಲೆಯಲ್ಲಿ ಹತ್ತು ವರ್ಷ ಹಾಡಿದ್ದಾನೆ ಪಾಪ.

ಅದು "ಲೋಹದ ಅದಿರು". ಅದಿರು ಅಂದರೆ ಗಣಿಯಿಂದ ತೆಗೆಯುವ ಕಚ್ಚಾ ಲೋಹದ ಕಲ್ಲು. ಭಾವಗೀತೆಯಲ್ಲಿ ಅದಿರು ಎಲ್ಲಿಂದ ಬಂತು ಅಂದರೆ, ಬರೆದ ಕೆ. ಎಸ್. ನಿಸಾರ್ ಅಹಮದ್ ಭೂವಿಜ್ಞಾನದ ಮೇಷ್ಟ್ರು. ಹುಟ್ಟಿದ್ದು ನಮ್ಮ ದೇವನಹಳ್ಳಿಯಲ್ಲಿ, 1936ರಲ್ಲಿ. ಬೇರೆಯವರು ಬೆಟ್ಟದಲ್ಲಿ ಹಸಿರು ನೋಡಿದರೆ ಇವರು ಒಳಗಿನ ಕಲ್ಲನ್ನೂ ನೋಡಿದರು. ಇದು ಗೊತ್ತಾದ ಮೇಲೆ ಆ ಹುಡುಗ ಪದವನ್ನು ಮುರಿಯಲಿಲ್ಲ. ಕಾರ್ಡ್ ಬದಲಾವಣೆ ತಾನಾಗಿ ಮುಂದಿನ ಪದದ ಶುರುವಿಗೆ ಹೋಯಿತು. ಕನ್ನಡದ ಕವಿತೆಯಲ್ಲಿ ಸಂಧಿ ಜಾಸ್ತಿ. ಪದ ಎಲ್ಲಿ ಒಡೆಯುತ್ತದೆ ಅಂತ ಗೊತ್ತಿಲ್ಲದಿದ್ದರೆ ಕಾರ್ಡ್ ತಪ್ಪಾದ ಜಾಗದಲ್ಲಿ ಬೀಳುತ್ತದೆ, ಕಾರ್ಡ್ ಸರಿಯೇ ಇದ್ದರೂ.

"ನಿತ್ಯೋತ್ಸವ" ಅಷ್ಟು ಫೇಮಸ್ ಆಗಿದ್ದು ಹೇಗೆ? ಸಿನಿಮಾ ಹಾಡಾ?

ಅಲ್ಲ. 1978ರಲ್ಲಿ ಬಂದ ಕ್ಯಾಸೆಟ್. ಕನ್ನಡದ ಮೊದಲ ಭಾವಗೀತೆ ಕ್ಯಾಸೆಟ್ ಅದೇ. ರಾಗ ಹಾಕಿದವರು ಮೈಸೂರು ಅನಂತಸ್ವಾಮಿ. ಅಲ್ಲಿಯವರೆಗೆ ಕವಿತೆ ಪುಸ್ತಕದಲ್ಲಿ, ಸಭೆಯಲ್ಲಿ, ರೇಡಿಯೋದಲ್ಲಿ ಇತ್ತು. ಆಮೇಲೆ ಟೇಪ್ ರೆಕಾರ್ಡರ್ ಇದ್ದ ಮನೆಗೆಲ್ಲ ಹೋಯಿತು.

ಇಲ್ಲಿ ಒಂದು ಗಮನಿಸಿ. ಭಾವಗೀತೆಯಲ್ಲಿ ಕವಿತೆ ಮೊದಲು, ರಾಗ ಆಮೇಲೆ. ಸಿನಿಮಾದಲ್ಲಿ ಸಾಮಾನ್ಯವಾಗಿ ಉಲ್ಟಾ, ಟ್ಯೂನ್ ಮೊದಲು, ಪದ ಆಮೇಲೆ. ಅದಕ್ಕೇ ಸಿನಿಮಾ ಹಾಡು ಗಿಟಾರಿಗೆ ಸಲೀಸಾಗಿ ಕೂರುತ್ತದೆ, ಭಾವಗೀತೆ ಸ್ವಲ್ಪ ಸತಾಯಿಸುತ್ತದೆ.

ಈ ಹಾಡುಗಾರರೆಲ್ಲ ಪೂರ್ತಿ ಇದನ್ನೇ ಮಾಡ್ತಿದ್ರಾ? ನಾನು ಐಟಿ ಕೆಲಸ ಬಿಡ್ಬೇಕಾ?

ಬಿಡಬೇಡಿ. ಸಿ. ಅಶ್ವತ್ಥ್ ಇದೇ ಬೆಂಗಳೂರಿನ ಐಟಿಐ ಟೆಲಿಫೋನ್ ಕಾರ್ಖಾನೆಯಲ್ಲಿ ಸುಮಾರು 27 ವರ್ಷ ಕೆಲಸ ಮಾಡಿದರು. ಅದೇ ಅಶ್ವತ್ಥ್ 2005ರಲ್ಲಿ ಅರಮನೆ ಮೈದಾನದಲ್ಲಿ "ಕನ್ನಡವೇ ಸತ್ಯ" ಮಾಡಿದಾಗ ಜನಸಾಗರ ಸೇರಿತ್ತು. ಶಿವಮೊಗ್ಗ ಸುಬ್ಬಣ್ಣ ವಕೀಲರು. "ಕಾಡು ಕುದುರೆ ಓಡಿ ಬಂದಿತ್ತಾ" ಹಾಡಿಗೆ ರಾಷ್ಟ್ರಪ್ರಶಸ್ತಿ ಬಂತು, ಗಾಯನಕ್ಕೆ ಆ ಪ್ರಶಸ್ತಿ ಪಡೆದ ಮೊದಲ ಕನ್ನಡಿಗ ಅವರೇ. "ಮುಂಗಾರು ಮಳೆ"ಗೆ ಸಂಗೀತ ಕೊಟ್ಟ ಮನೋ ಮೂರ್ತಿ ಅಮೆರಿಕದಲ್ಲಿ ಸಾಫ್ಟ್‌ವೇರ್ ಕಂಪನಿ ಕಟ್ಟಿದವರು.

ಸುಮ್ನೆ ಒಂದು ಮಾತು. ಅಶ್ವತ್ಥ್ ಹುಟ್ಟಿದ್ದು ಡಿಸೆಂಬರ್ 29, ತೀರಿಕೊಂಡಿದ್ದೂ ಡಿಸೆಂಬರ್ 29, 2009ರಲ್ಲಿ. ಕುವೆಂಪು ಹುಟ್ಟಿದ್ದೂ ಅದೇ ದಿನ. "ಮುಂಗಾರು ಮಳೆ" ತೆರೆಗೆ ಬಂದಿದ್ದೂ ಡಿಸೆಂಬರ್ 29, 2006ರಲ್ಲಿ. ಇದರಿಂದ ಏನೂ ಸಾಬೀತಾಗುವುದಿಲ್ಲ. ಆದರೆ ಆ ವಾರದ ಭಾನುವಾರ ಹಾಡಿನ ಪಟ್ಟಿ ಮಾಡುವ ಕೆಲಸ ನಮಗೆ ತಪ್ಪುತ್ತದೆ.

ರಾಜ್‌ಕುಮಾರ್ ಮೊದಲಿಂದಲೂ ಹಾಡ್ತಿದ್ರಾ?

ರಂಗಭೂಮಿಯಲ್ಲಿ ಹಾಡುತ್ತಿದ್ದರು. ಗುಬ್ಬಿ ಕಂಪನಿಯಲ್ಲಿ ಬೆಳೆದವರು. ಸಿನಿಮಾದಲ್ಲಿ ಮಾತ್ರ ಬಹಳ ವರ್ಷ ಅವರ ಹಾಡಿನ ದನಿ ಪಿ. ಬಿ. ಶ್ರೀನಿವಾಸ್. 1974ರ "ಸಂಪತ್ತಿಗೆ ಸವಾಲ್" ಚಿತ್ರದಲ್ಲಿ ಜಿ. ಕೆ. ವೆಂಕಟೇಶ್ ಅವರ ಸಂಗೀತಕ್ಕೆ "ಯಾರೇ ಕೂಗಾಡಲಿ" ಹಾಡಿದರು. ಎಮ್ಮೆ ಮೇಲೆ ಕೂತು ಹಾಡುವ ಹಾಡು. ಅಲ್ಲಿಂದ ಮುಂದೆ ತಮ್ಮ ಹಾಡು ತಾವೇ ಹಾಡತೊಡಗಿದರು. 1992ರ "ಜೀವನ ಚೈತ್ರ"ದ "ನಾದಮಯ" ಹಾಡಿಗೆ ರಾಷ್ಟ್ರಪ್ರಶಸ್ತಿಯೂ ಬಂತು.

ನುಡಿಸುವವರಿಗೆ ಇದರಲ್ಲಿ ಒಂದು ಪಾಠವಿದೆ. ಅದು ಮೈಕ್ ಇಲ್ಲದೆ ಕೊನೆಯ ಸಾಲಿಗೂ ಮುಟ್ಟಿಸಬೇಕಾದ ದನಿ. ನೀವು ಮೂಲ ಶ್ರುತಿಯಲ್ಲೇ ಹಾಡುತ್ತೇನೆ ಅಂತ ಹಟ ಹಿಡಿದರೆ ಚರಣದಲ್ಲಿ ಗಂಟಲು ಕೈಕೊಡುತ್ತದೆ. ಎರಡು ಮನೆ ಇಳಿಸಿಕೊಳ್ಳಿ, ನಾಚಿಕೆ ಬೇಡ.

ನಾಡಗೀತೆಗೆ ಯಾವ ಧಾಟಿ ಸರಿ? ನಮ್ಮ ಅಪಾರ್ಟ್‌ಮೆಂಟ್‌ನಲ್ಲಿ ಪ್ರತಿ ನವೆಂಬರ್ ಜಗಳ.

ಕುವೆಂಪು ಅವರ ಗೀತೆ 2004ರಲ್ಲಿ ಅಧಿಕೃತ ನಾಡಗೀತೆ ಆಯಿತು. ಧಾಟಿಯ ಚರ್ಚೆ ಮಾತ್ರ ಮುಗಿಯಲಿಲ್ಲ. ಅನಂತಸ್ವಾಮಿ ಅವರದ್ದು ಒಂದು, ಅಶ್ವತ್ಥ್ ಅವರದ್ದು ಇನ್ನೊಂದು. 2022ರ ಸೆಪ್ಟೆಂಬರ್‌ನಲ್ಲಿ ಸರ್ಕಾರ ಆದೇಶ ಹೊರಡಿಸಿತು: ಅನಂತಸ್ವಾಮಿ ಧಾಟಿ, ಆಲಾಪ ಇಲ್ಲ, ಸಾಲುಗಳನ್ನು ಮತ್ತೆ ಮತ್ತೆ ಹಾಡುವಂತಿಲ್ಲ, ಎರಡೂವರೆ ನಿಮಿಷದೊಳಗೆ ಮುಗಿಯಬೇಕು. ಆಮೇಲೆ ಅದು ಹೈಕೋರ್ಟ್ ಮೆಟ್ಟಿಲನ್ನೂ ಹತ್ತಿತು. ನಿಮ್ಮ ಸಮಾರಂಭಕ್ಕೆ ಆ ಆದೇಶವನ್ನೇ ಹಿಡಿಯಿರಿ, ಜಗಳ ತಪ್ಪುತ್ತದೆ. ಗಿಟಾರ್ ಇದ್ದರೆ ಪ್ರತಿ ಸಾಲಿನ ಶುರುವಿಗೆ ಒಮ್ಮೆ ಮೀಟಿದರೆ ಸಾಕು.

"ಜೊತೆಯಲಿ ಜೊತೆಜೊತೆಯಲಿ" ಯಾಕೆ ಗಿಟಾರಲ್ಲಿ ಅಷ್ಟು ಚೆನ್ನಾಗಿ ಕೇಳುತ್ತೆ?

ಅದನ್ನು ಮಾಡಿದವರು ಗಿಟಾರ್ ಬಲ್ಲವರು. 1981ರ "ಗೀತಾ", ಶಂಕರ್‌ನಾಗ್ ಚಿತ್ರ, ಸಂಗೀತ ಇಳಯರಾಜ. ಅವರು ಮದ್ರಾಸಿನಲ್ಲಿ ಪಾಶ್ಚಾತ್ಯ ಸಂಗೀತ ಕಲಿತು, ನಮ್ಮ ಜಿ. ಕೆ. ವೆಂಕಟೇಶ್ ಹತ್ತಿರ ಸಹಾಯಕರಾಗಿ ದುಡಿದವರು. ಅವರ ಹಾಡಿನಲ್ಲಿ ಕಾರ್ಡ್ ಆಮೇಲೆ ಅಂಟಿಸಿದ್ದಲ್ಲ, ರಾಗದ ಜೊತೆಗೇ ಹುಟ್ಟಿದ್ದು. ಅದಕ್ಕೆ ಇಂಥ ಹಾಡಲ್ಲಿ ನಿಮ್ಮ ಸ್ವಂತ ಕಾರ್ಡ್ ಹಾಕಬೇಡಿ. ಹೆಡ್‌ಫೋನ್ ಹಾಕಿ ಬೇಸ್ ಗಿಟಾರ್ ಏನು ಮಾಡುತ್ತಿದೆ ಕೇಳಿ, ಅದೇ ದಾರಿ ತೋರಿಸುತ್ತದೆ. ಈ ಟ್ಯೂನ್ ಮುಂದೆ ತಮಿಳಿಗೂ, 2007ರಲ್ಲಿ ಹಿಂದಿಯ "ಚೀನಿ ಕಮ್" ಚಿತ್ರಕ್ಕೂ ಹೋಯಿತು. ನಮ್ಮಲ್ಲಿಗೆ ಬರುವ ಹಿಂದಿ ಹುಡುಗರು ಇದು ತಮ್ಮ ಹಾಡು ಅಂತಲೇ ಶುರು ಮಾಡುತ್ತಾರೆ. ನಾವು ಚರಣದಲ್ಲಿ ಕನ್ನಡಕ್ಕೆ ತಿರುಗಿಸುತ್ತೇವೆ.

## ರಾಗಕ್ಕೆ ಕಾರ್ಡ್: ಸ್ವಲ್ಪ ಮುಂದೆ ಹೋದವರಿಗೆ

ದೇವರನಾಮಕ್ಕೆ ಕಾರ್ಡ್ ಹಾಕಬಹುದಾ? ಕೆಡುತ್ತೆ ಅಂತಾರೆ.

ಹಾಕಬಹುದು. ಕೆಡಿಸಲೂಬಹುದು, ನಾನೇ ಕೆಡಿಸಿದ್ದೇನೆ. ಚಿಕ್ಕಪ್ಪನ ಮನೆಯ ಗೃಹಪ್ರವೇಶದಲ್ಲಿ ಹೆಂಗಸರೆಲ್ಲ "ಭಾಗ್ಯದ ಲಕ್ಷ್ಮೀ ಬಾರಮ್ಮ" ಶುರು ಮಾಡಿದರು. ನಾನು ಹುಮ್ಮಸ್ಸಿನಲ್ಲಿ ಡಿ ಮೇಜರ್ ಹಿಡಿದು ಬಾರಿಸತೊಡಗಿದೆ. ಎರಡನೇ ಸಾಲಿಗೆ ಪಕ್ಕದಲ್ಲಿ ಕೂತಿದ್ದ ಅಜ್ಜಿ ನನ್ನ ಕೈ ಮೇಲೆ ಕೈಯಿಟ್ಟು, "ನಿಲ್ಸಪ್ಪಾ, ಲಕ್ಷ್ಮಿ ಬಾಗ್ಲಲ್ಲೇ ನಿಂತ್ಬಿಟ್ಟಾಳು" ಅಂದರು.

ಅಜ್ಜಿಗೆ ಕಾರ್ಡ್ ಗೊತ್ತಿಲ್ಲ, ಕಿವಿ ಗೊತ್ತು. ಪುರಂದರದಾಸರ ಈ ಪದವನ್ನು ನಮ್ಮ ಕಡೆ ಮಧ್ಯಮಾವತಿ ರಾಗದಲ್ಲಿ ಹಾಡುತ್ತಾರೆ. (ಭೀಮಸೇನ ಜೋಶಿ ಅವರು ಹಾಡಿರುವುದು ಬೇರೆ ಧಾಟಿ.) ಮಧ್ಯಮಾವತಿಯಲ್ಲಿ ಸ ರಿ ಮ ಪ ನಿ ಮಾತ್ರ. ಗಾಂಧಾರವೇ ಇಲ್ಲ. ನಾನು ಮೇಜರ್ ಹಿಡಿದು ಇಲ್ಲದ ಗಾಂಧಾರವನ್ನು ತುರುಕುತ್ತಿದ್ದೆ. ಮೈನರ್ ಹಿಡಿದಿದ್ದರೂ ಅದೇ ತಪ್ಪು.

ಡಿ ಷಡ್ಜವಾದರೆ ಸ್ವರಗಳು ಡಿ, ಇ, ಜಿ, ಎ, ಸಿ. ಡಿ ಕಾರ್ಡ್ ಹಿಡಿದು ಒಂದನೇ ತಂತಿ ಮೇಲಿನ ಬೆರಳು ಎತ್ತಿಬಿಡಿ, ಡಿ ಸಸ್ 2 ಆಯಿತು. ಕಿರುಬೆರಳನ್ನು ಮೂರನೇ ಮನೆಗೆ ಇಟ್ಟರೆ ಡಿ ಸಸ್ 4. ಇವೆರಡರ ನಡುವೆ ಆಡುತ್ತಾ ಇರಿ. ಸಾಲು ನಿಷಾದದ (ನಿ) ಕಡೆ ಹೋದಾಗ ಸಿ, ಪಂಚಮದ (ಪ) ಕಡೆ ಹೋದಾಗ ಎ ಮೈನರ್. ಮುಂದಿನ ವರಮಹಾಲಕ್ಷ್ಮಿಗೆ ಹಾಗೇ ನುಡಿಸಿದೆ. ಅಜ್ಜಿ ಏನೂ ಅನ್ನಲಿಲ್ಲ, ಕೋಸಂಬರಿ ಎರಡು ಸಲ ಬಡಿಸಿದರು.

ಬೇರೆ ರಾಗಗಳಿಗೂ ಹೀಗೇ ಲೆಕ್ಕ ಇದೆಯಾ?

ಇದೆ. ರಾಗದ ಸ್ವರಗಳನ್ನು ಬರೆದು, ಅದರೊಳಗೇ ಯಾವ ಕಾರ್ಡ್ ಪೂರ್ತಿ ಸಿಗುತ್ತದೆ ನೋಡಿ. ಷಡ್ಜ ಸಿ ಆದಾಗ ಮೋಹನದಲ್ಲಿ ಸಿಗುವುದು ಸಿ ಮತ್ತು ಎ ಮೈನರ್. ಹಂಸಧ್ವನಿಗೆ ಸಿ, ಜಿ, ಇ ಮೈನರ್. ಕಲ್ಯಾಣಿಗೆ ಎಫ್ ಹಾಕಬೇಡಿ, ಅಲ್ಲಿ ಇರುವುದು ಪ್ರತಿ ಮಧ್ಯಮ, ಅಂದರೆ ಎಫ್ ಶಾರ್ಪ್, ಡಿ ಮೇಜರ್ ಹಾಕಿ.

ಸಂಗೀತ ಪಾಠಕ್ಕೆ ಹೋದ ಎಲ್ಲರಿಗೂ ಮಲಹರಿಯ "ಶ್ರೀ ಗಣನಾಥ" ಬರುತ್ತದೆ. ಅದನ್ನು ಮೂರನೇ ಮನೆಗೆ, ಅಂದರೆ ಇ ಶ್ರುತಿಗೆ ಇಟ್ಟುಕೊಂಡು ಇ ಮೇಜರ್, ಎ ಮೈನರ್, ಎಫ್ ಹಿಡಿದು ನೋಡಿ. ನಮ್ಮ ಗುಂಪಿನ ಒಬ್ಬ ಹುಡುಗಿ ಇದನ್ನು ಕೇಳಿ "ಇದೇನು ಸ್ಪೇನ್ ದೇಶದ ಗಣಪತಿ ಥರ ಇದೆ" ಅಂದಳು. ತಪ್ಪೇನಲ್ಲ, ಆ ಮೂರು ಕಾರ್ಡ್ ಸ್ಪೇನಿನ ಫ್ಲಮೆಂಕೋ ಗಿಟಾರಿನಲ್ಲೂ ಓಡಾಡುತ್ತವೆ.

ಹಿಂದೋಳ ಮಾತ್ರ ಮೋಸಗಾರ. ಎ ಷಡ್ಜವಾದರೆ ಎಲ್ಲರ ಕೈ ಎ ಮೈನರ್‌ಗೆ ಹೋಗುತ್ತದೆ. ಆದರೆ ಹಿಂದೋಳದಲ್ಲಿ ಪಂಚಮ ಇಲ್ಲ, ಎ ಮೈನರ್‌ನಲ್ಲಿ ಪಂಚಮ ಇದೆ. ಎಫ್ ಮತ್ತು ಡಿ ಮೈನರ್ ಹಿಡಿಯಿರಿ.

ಷರೀಫರ ಪದಕ್ಕೆ ಎಷ್ಟು ಕಾರ್ಡ್?

ಒಂದು. ಏಕತಾರಿ ಹಿಡಿದು ಹಾಡುವ ತತ್ವಪದಕ್ಕೆ ಒಂದೇ ನಾದ ಸಾಕು. ಷಡ್ಜ ಪಂಚಮ ಎರಡನ್ನೇ ಮೀಟಿ, "ಕೋಡಗನ ಕೋಳಿ ನುಂಗಿತ್ತಾ" ಅನ್ನುವ ಒಗಟಿಗೆ ಜಾಗ ಬಿಡಿ. ರಾಕ್ ಬ್ಯಾಂಡ್ ಥರ ಮಾಡಬೇಕು ಅನ್ನುವವರು ರಘು ದೀಕ್ಷಿತ್ ಹಾಡಿರುವ "ಗುಡುಗುಡಿಯ ಸೇದಿ ನೋಡೋ" ಕೇಳಿ. ಎಷ್ಟೇ ಗದ್ದಲ ಇದ್ದರೂ ಪದ ಮುಳುಗಿಲ್ಲ.

ಏಳು ಅಕ್ಷರದ ತಾಳಕ್ಕೆ ಕೈ ಹೇಗೆ ಆಡಿಸೋದು? ಎಣಿಸ್ತಾ ಹಾಡು ಮರೀತೀನಿ.

ಎಣಿಸಬೇಡಿ, ಬಾಯಲ್ಲಿ ಹೇಳಿ. ಏಳಕ್ಷರದ ಮಿಶ್ರ ಛಾಪು "ತಕಿಟ ತಕದಿಮಿ". ಐದಕ್ಷರದ ಖಂಡ ಛಾಪು "ತಕ ತಕಿಟ". ಪ್ರತಿ "ತ" ಬಂದಾಗ ಮಾತ್ರ ಕೈ ಕೆಳಗೆ. ಬಿಎಂಟಿಸಿ ಬಸ್ಸಲ್ಲಿ ನಿಂತು ಒಂದು ವಾರ ಹೇಳಿಕೊಳ್ಳಿ. ಕಂಡಕ್ಟರ್ ಒಮ್ಮೆ ತಿರುಗಿ ನೋಡಬಹುದು.

## ಸ್ಟೇಜ್ ಹತ್ತುವ ಮುಂಚೆ

ಗಣೇಶನ ಪೆಂಡಾಲಲ್ಲಿ ಹಾಡಿದರೆ ಕಾಪಿರೈಟ್ ತೊಂದರೆ ಆಗುತ್ತಾ?

ಟಿಕೆಟ್ ಇಲ್ಲದೆ, ಹವ್ಯಾಸಿಗಳಾಗಿ ಹಾಡುವುದಕ್ಕೆ 1957ರ ಕಾಯ್ದೆಯಲ್ಲೇ ವಿನಾಯಿತಿ ಇದೆ. ರೆಕಾರ್ಡ್ ಮಾಡಿ ದುಡ್ಡಿಗೆ ಬಿಟ್ಟರೆ ಕಥೆ ಬೇರೆ. ಕವಿ ತೀರಿಕೊಂಡ ಮೇಲೆ 60 ವರ್ಷ ಹಕ್ಕು ಇರುತ್ತದೆ. ಕುವೆಂಪು ತೀರಿಕೊಂಡಿದ್ದು 1994ರಲ್ಲಿ, ಅವರ ಕವಿತೆಗಳಿಗೆ 2054ರ ಕೊನೆಯವರೆಗೂ ಹಕ್ಕಿದೆ. ಪುರಂದರದಾಸರು, ಷರೀಫರು ಎಲ್ಲರ ಸ್ವತ್ತು. ಆದರೆ ಅವರ ಪದಕ್ಕೆ ಈಚೆಗೆ ಯಾರೋ ಹಾಕಿದ ಹೊಸ ರಾಗ ಎಲ್ಲರ ಸ್ವತ್ತಲ್ಲ, ಅದನ್ನು ಮರೆಯಬೇಡಿ.

ಹಾಡ್ತಾ ಇರುವಾಗ ತಂತಿ ಕಿತ್ತೋದ್ರೆ?

ನಿಲ್ಲಿಸಬೇಡಿ. ಹೋದ ವರ್ಷ ರಾಜ್ಯೋತ್ಸವಕ್ಕೆ ಒಂದು ಬಡಾವಣೆಯಲ್ಲಿ "ಹುಟ್ಟಿದರೆ ಕನ್ನಡ ನಾಡಲ್ ಹುಟ್ಟಬೇಕು" ಹಾಡುವಾಗ ನನ್ನ ಒಂದನೇ ತಂತಿ ಫಟ್ ಅಂತು. ಅಷ್ಟರಲ್ಲಿ ಮುಂದಿನ ಸಾಲಿನ ಮಕ್ಕಳು, ಹಿಂದೆ ನಿಂತಿದ್ದ ಆಟೋದವರು ಎಲ್ಲರೂ ಹಾಡುತ್ತಿದ್ದರು. ಒಂದನೇ ತಂತಿ ಹೋದರೆ ಉಳಿದ ಐದರಲ್ಲಿ ಕಾರ್ಡ್ ನಡೆಯುತ್ತದೆ. ಆರನೆಯದು ಹೋದರೆ ಬೇಸ್ ತೆಳುವಾಗುತ್ತದೆ, ಅಷ್ಟೇ. ಮೂರನೆಯದು ಹೋದರೆ ಮಾತ್ರ ಗಿಟಾರ್ ಕೆಳಗಿಟ್ಟು ಚಪ್ಪಾಳೆ ತಟ್ಟಿ. ಬ್ಯಾಗಿನಲ್ಲಿ ಒಂದು ಸೆಟ್ ತಂತಿ, ಒಂದು ಕಟಿಂಗ್ ಪ್ಲೇಯರ್, ಇನ್ನೊಂದು ಕೇಪೋ ಇರಲಿ. ಮೊದಲನೇ ಕೇಪೋ ಯಾರದ್ದಾದರೂ ಗಿಟಾರಿನ ಮೇಲೆ ಉಳಿದುಹೋಗಿರುತ್ತದೆ.